ಹೂಮಳೆ ಆದ ಮೇಲೆ

ಫೆಬ್ರವರಿ ೨೪, ೨೦೦೮. ಭಾನುವಾರ

ಮಳೆ ಇಲ್ಲ. ಬೆಳಿಗ್ಗೆ ರೈನ್ ಗೇಜ್ ತೊಳೆದು ಇಟ್ಟೆ. ಒಳಗೆ ಒಂದು ಜೇಡ, ಅಷ್ಟೆ. ಕಾಫಿ ಗಿಡದಲ್ಲಿ ಮೊಗ್ಗು ಅಕ್ಕಿಕಾಳಿನಷ್ಟಾಗಿ ನಿಂತಿದೆ. ಇನ್ನು ಒಂದು ಒಳ್ಳೆಯ ಹೂಮಳೆ ಬಿದ್ದರೆ ಅರಳುವುದು.

ನಮ್ಮ ಯಜಮಾನರಿದ್ದಾಗ ಮಳೆ ನಿಂತ ಐದು ನಿಮಿಷಕ್ಕೆ ಪಕ್ಕದ ತೋಟದ ವೀರೇಂದ್ರನ ಫೋನ್ ಬರುತ್ತಿತ್ತು. 'ಪರಮೇಶಣ್ಣ, ನಿಮ್ಗೆಷ್ಟು ಬಿತ್ತು?' ಇವರು ಇಂಚು, ಅದರ ನೂರನೇ ಪಾಲಿನ ಸೆಂಟ್ಸು ಹೇಳಬೇಕು, ಅವನದು ಕೇಳಬೇಕು, ಅರ್ಧ ಸೆಂಟಿಗೂ ಜಗಳ ಆಡಬೇಕು. ಹೋದ ಶ್ರಾವಣದಲ್ಲಿ ಇವರು ತೀರಿಕೊಂಡರು. ಆಮೇಲೂ ಮಳೆ ಬಿತ್ತು. ಅಳೆದೆ. ಯಾರೂ ಕೇಳಲಿಲ್ಲ.

ಭಟ್ಕಳದಿಂದ ಶಿಲ್ಪಾ ಫೋನ್ ಮಾಡಿದ್ದಳು. ಬ್ಯಾಂಕಿನವರು ಮಗಳನ್ನು ಅಲ್ಲಿಗೆ ಹಾಕಿ ಎಂಟು ತಿಂಗಳಾಯಿತು.

'ಅಮ್ಮ, ಅಪ್ಪಾಜಿ ಹೇಳ್ತಿದ್ರಲ್ಲ ನೇತ್ರಾಣಿ ದ್ವೀಪ, ಅಲ್ಲಿ ಈಗ ಡೈವಿಂಗ್ ಮಾಡಿಸ್ತಾರೆ. ಈಜು ಬರ್ದೇ ಇದ್ರೂ ನಡೆಯತ್ತಂತೆ. ಬಾ.'

'ಹೂಮಳೆ ಆಗ್ಲಿ ಮಗಳೆ' ಅಂದೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಅದು ಅವರ ಮಾತು.


ಫೆಬ್ರವರಿ ೨೬

ತೊಂಬತ್ತೊಂದರಲ್ಲಿ ಒಂದು ಸಲ ಮುರುಡೇಶ್ವರಕ್ಕೆ ಹೋಗಿದ್ದೆವು. ದಡದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರು ದೂರದ ನೀಲಿ ಗುಡ್ಡ ತೋರಿಸಿದ್ದರು. ಅಲ್ಲಿ ನೀರು ಗಾಜಿನ ಹಾಗೆ, ತಳದ ಮೀನು ದೋಣಿಯಿಂದಲೇ ಕಾಣುತ್ತದೆ ಅಂದರು. ಅಂದಿನಿಂದ ಇವರಿಗೆ ಹುಚ್ಚು. ಇವರು ಹೇಮಾವತಿಯಲ್ಲಿ ಮುಳುಗಿ ಬೆಳೆದವರು. ಮದುವೆಯಾದ ಹೊಸದರಲ್ಲಿ ನಾನು ಬಂಡೆಯ ಮೇಲೆ ಟವೆಲ್ ಹಿಡಿದು ಕೂತಿರುತ್ತಿದ್ದೆ. ಎದ್ದು ಬಂದು ಕಣ್ಣು ಕೆಂಪು ಮಾಡಿಕೊಂಡು ಹೇಳುತ್ತಿದ್ದರು: 'ಕೆಳಗೆ ಬೇರೆ ಊರೇ ಇದೆ ಮಾರಾಯ್ತಿ. ನಿನಗೂ ತೋರಿಸ್ತೀನಿ.'

ಪ್ರತಿ ವರ್ಷ ಹೊರಡುವುದೇ. ಕೊಯ್ಲು ಮುಗೀಲಿ. ಹೂಮಳೆ ಆಗ್ಲಿ. ಹೂವಿನ ಹಿಂದೆ ಬರೋ ಬ್ಯಾಕಿಂಗ್ ಮಳೆ ಒಂದು ಆಗ್ಲಿ. ಅಷ್ಟರಲ್ಲಿ ಮಳೆಗಾಲ ಬಂತು, ದೋಣಿ ಬಂದ್.


ಮಾರ್ಚ್ ೪

ಮೋಡ ಬಂದು ಹೋಯಿತು. ಲಕ್ಕಯ್ಯನಿಗೆ ಭಟ್ಕಳದ ವಿಷಯ ಹೇಳಿದೆ. ಈ ತೋಟದಲ್ಲಿ ಅವನು ನನಗಿಂತ ಹಳಬ.

'ಹೋಗ್ಬನ್ನಿ ಅಮ್ಮ. ಮಳೆ ಏನು ನಿಮ್ ಮುಖ ನೋಡ್ಕಂಡು ಬರ್ತದಾ?'

'ಅಳೆಯೋರು ಯಾರು?'

'ನಾನು ಅಳೀತೀನಿ. ಯಜಮಾನ್ರು ಕಲಿಸಿಲ್ವಾ? ಹೆಚ್ಚು ಹೇಳಿದ್ರೆ ಬೈತಿದ್ರು, ಕಮ್ಮಿ ಹೇಳಿದ್ರೂ ಬೈತಿದ್ರು.'

ಈ ಸಲವೂ ಬಿಟ್ಟರೆ ನೀರಿನ ಕೆಳಗಿನ ಆ ಊರನ್ನು ನಮ್ಮಿಬ್ಬರಲ್ಲಿ ಯಾರೂ ನೋಡದ ಹಾಗಾಗುತ್ತದೆ. ಶಿವರಾತ್ರಿ ಮುಗಿಸಿ ಹೊರಡುವುದು.


ಮಾರ್ಚ್ ೭. ಭಟ್ಕಳ, ರಾತ್ರಿ

ಚಾರ್ಮಾಡಿ ಇಳಿದು ಮಂಗಳೂರು, ಅಲ್ಲಿಂದ ಇಲ್ಲಿಗೆ. ಸೊಂಟ ಹಿಡಿದಿದೆ. ಸೆಕೆ.


ಮಾರ್ಚ್ ೯. ಭಾನುವಾರ, ಸಂಜೆ

ಕೂದಲು ಇನ್ನೂ ಆರಿಲ್ಲ. ಆದರೂ ಬರೆಯಬೇಕು.

ಬೆಳಿಗ್ಗೆ ದೋಣಿ. ಗುಡ್ಡ ಹತ್ತಿರವಾದಂತೆ ನೀರು ಹಸಿರು, ಆಮೇಲೆ ಕಪ್ಪು ನೀಲಿ. ಬಂಡೆ ತುಂಬ ಹಕ್ಕಿಗಳು. ರಬ್ಬರಿನ ಬಟ್ಟೆ, ನೀರಿನ ಕನ್ನಡಕ ಹಾಕಿಸಿದರು, ಬೆನ್ನಿಗೆ ಉಸಿರಾಡುವ ಗಾಳಿಯ ಸಿಲಿಂಡರ್. ಶಿಲ್ಪಾ ನಕ್ಕಳು — 'ಅಮ್ಮ, ಹಲಸಿನಹಣ್ಣಿಗೆ ಸಾಕ್ಸ್ ಹಾಕಿದ ಹಾಗಿದೆ.' ಕಲಿಸುವವನು ಕಾರವಾರದ ಹುಡುಗ, ರಾಜೀವ್.

'ಆಂಟಿ, ಒಂದೇ ಮಾತು. ಉಸಿರು ಹಿಡೀಬೇಡಿ. ಉಳಿದದ್ದು ನಾ ನೋಡ್ಕೊಳ್ತೆ.'

ತಲೆ ಮುಳುಗಿತು. ಮೊದಲು ಕಣ್ಣಿಗೆ ಏನೂ ಕಾಣಲಿಲ್ಲ, ಕಿವಿಗೆ ಬಂತು. ಬಾಯಿಂದ ಹೊರಟ ಗುಳ್ಳೆಗಳ ಸದ್ದು. ಥೇಟ್ ಹಂಚಿನ ಮೇಲೆ ಮೊದಲ ಹನಿಗಳು ಬಿದ್ದ ಹಾಗೆ... ಉಸಿರು ಹಿಡಿದುಬಿಟ್ಟೆ. ಆ ಹುಡುಗ ಭುಜ ತಟ್ಟಿದ, ಕೈ ಆಡಿಸಿದ. ಬಿಡಲಾಗಲಿಲ್ಲ. ಮೇಲೆ ತಂದ.

'ಯಾಕೆ ಆಂಟಿ? ಹೆದರಿಕೆ ಆಯ್ತಾ?'

ಹೆದರಿಕೆಯಲ್ಲ. ನಮ್ಮ ಮನೆಯಲ್ಲಿ ಹೂಮಳೆ ಶುರುವಾದರೆ ಮಾತಿಲ್ಲ. ಅರ್ಧಂಬರ್ಧ ಬಿದ್ದು ನಿಂತರೆ ಬೀಳದಿದ್ದುದಕ್ಕಿಂತ ಕಡೆ. ಮೊಗ್ಗು ಅರ್ಧ ಬಿರಿದು ಸುಟ್ಟುಹೋಗುತ್ತದೆ. ಕರೆಂಟು ಹೋದ ನಡುಮನೆಯಲ್ಲಿ ಇಬ್ಬರೂ ಎದುರುಬದುರು, ಉಸಿರು ಹಿಡಿದು, ಮೇಲೆ ಕಿವಿಯಿಟ್ಟು. ಸೂರಿನ ನೀರು ಧಾರೆಯಾಗಿ ಇಳಿಯತೊಡಗಿದ ಮೇಲೆ ಅವರು 'ಹಾ... ಸಾಕು' ಅಂತ ಉಸಿರು ಬಿಡುತ್ತಿದ್ದರು. ಅವರು ಬಿಟ್ಟ ಮೇಲೆ ನಾನು. ಇಪ್ಪತ್ತೈದು ವರ್ಷವೂ ಹಾಗೇ.

'ಸಾಕು ಬಿಡಮ್ಮ, ದೋಣಿಯಲ್ಲೇ ಕೂರು' ಅಂದಳು ಶಿಲ್ಪಾ. ಅವಳ ಕಣ್ಣಲ್ಲಿ ನೀರು.

'ಇನ್ನೊಂದು ಸಲ' ಅಂದೆ.

ಮತ್ತೆ ಅದೇ ಸದ್ದು. ಈ ಸಲ ಕಾಯಲಿಲ್ಲ. ನಾನೇ ಮೊದಲು ಬಿಟ್ಟೆ.

ಆಮೇಲೆ ಕಂಡಿತು. ಹಳದಿ ಮೀನಿನ ದಂಡು, ಶಾಲೆ ಬಿಟ್ಟ ಮಕ್ಕಳ ಹಾಗೆ. ಬಂಡೆಯ ಬಿರುಕಿನಲ್ಲಿ ಮುಖ ಮಾತ್ರ ಹೊರಗಿಟ್ಟ ಹಾವಿನಂಥದ್ದೊಂದು. ಒಂದು ಆಮೆ ಪಕ್ಕದಲ್ಲೇ ಹೋಯಿತು, ಸಂತೆಗೆ ಹೊರಟವರ ಹಾಗೆ, ನನ್ನ ಕಡೆ ನೋಡಲೂ ಇಲ್ಲ. ಬೇರೆ ಊರೇ. ಸುಳ್ಳು ಹೇಳಿರಲಿಲ್ಲ ಅವರು. ಕನ್ನಡಕದೊಳಗೆ ಅತ್ತರೆ ಒರೆಸಿಕೊಳ್ಳಲು ಬರುವುದಿಲ್ಲ, ಅದೊಂದು ಆ ಹುಡುಗ ಹೇಳಿಕೊಟ್ಟಿರಲಿಲ್ಲ.


ಅದೇ ದಿನ, ರಾತ್ರಿ ಎಂಟು

ಶಿಲ್ಪಾಳ ಮೊಬೈಲಿಗೆ ಲಕ್ಕಯ್ಯ.

'ಅಮ್ಮಾ, ಬಿತ್ತು! ಒಂದು ಇಂಚು ಹತ್ತು ಸೆಂಟ್ಸು. ಎರಡು ಸಲ ನೋಡ್ದೆ.'

ಅಂಗೈ ಮೇಲೆ ಪೆನ್ನಿನಲ್ಲಿ ೧.೧೦ ಅಂತ ಬರೆದುಕೊಂಡೆ. ಅವನು ಮುಂದುವರಿಸಿದ.

'ಪಕ್ಕದ ತೋಟದ ವೀರೇಂದ್ರಪ್ಪೋರು ಫೋನ್ ಮಾಡಿದ್ರು. ಗಿರಿಜಕ್ಕ ಎಲ್ಲಿ ಅಂದ್ರು. ಸಮುದ್ರದ ಒಳಗವ್ರೆ ಅಂದೆ. ಎಷ್ಟು ಕುಡಿದಿದ್ದೀಯೋ ಅಂತ ಬೈದು ಇಟ್ರು.'

ಶಿಲ್ಪಾ ನೆಲದ ಮೇಲೆ ಕೂತು ನಕ್ಕಳು. ನಾನೂ. ಎಷ್ಟು ದಿನವಾಗಿತ್ತೋ.


ಮಾರ್ಚ್ ೧೮. ಗೋಣಿಬೀಡು

ಹೂವು. ಬಾಗಿಲು ತೆರೆದರೆ ವಾಸನೆ ಒಳಗೆ ನುಗ್ಗಿತು. ಮೇಲಿನ ತೋಟದಿಂದ ಹಳ್ಳದವರೆಗೆ ಬಿಳಿ. ಜೇನಿನ ಸದ್ದು. ಅವರು ಈ ದಿನ ಚಪ್ಪಲಿ ಬಿಟ್ಟು ತೋಟಕ್ಕೆ ಇಳಿಯುತ್ತಿದ್ದರು. ನಾನೂ ಬಿಟ್ಟೆ. ಗಿಡದ ಸಾಲಿನಲ್ಲಿ ನಿಂತು ಆಮೆಯ ವಿಷಯ ಹೇಳಿದೆ. ಗಟ್ಟಿಯಾಗಿಯೇ.


ಏಪ್ರಿಲ್ ೬. ಸಂಜೆ ಐದೂವರೆ

ಗುಡುಗು. ಬ್ಯಾಕಿಂಗ್ ಮಳೆ ಇರಬೇಕು. ಇದು ಬಂದರೆ ಕಾಯಿ ನಿಲ್ಲುತ್ತದೆ. ಕರೆಂಟು ಹೋಯಿತು. ಕಿಟಕಿಯ ಬೆಳಕಿನಲ್ಲಿ ಬರೆಯುತ್ತಿದ್ದೇನೆ. ಹಂಚಿನ ಮೇಲೆ ಹನಿ. ಎದುರಿನ ಕುರ್ಚಿ ಖಾಲಿ. ಉಸಿರು ಹಿಡಿಯಲಿಲ್ಲ... ಹಿಡಿದೆ, ಬಿಟ್ಟೆ.

ಜೋರಾಯಿತು. ಸೂರಿನಿಂದ ಧಾರೆ.

ನಿಂತಿತು. ಗೇಜ್ ನೋಡಿ ಬರಬೇಕು, ಕೊಡೆ ಎಲ್ಲಿ — ಫೋನ್ ಹೊಡೆದುಕೊಳ್ಳುತ್ತಿದೆ. ವೀರೇಂದ್ರನೇ. ಇವನಿಗೆ ಐದು ನಿಮಿಷವೂ ತಡೆಯುವುದಿಲ್ಲ. ತಡಿ ಮಾರಾಯ, ಇನ್ನೂ ನೋಡಿಲ್ಲ