ಗೋಡೆಯ ಮೇಲಿನ ಭಾರ

ಬಂಟ್ವಾಳ ಪೇಟೆ,
೯-೫-೧೯೫೮

ಶ್ರೀ ರಮಾನಾಥ ಶೆಟ್ಟರಿಗೆ ವಂದನೆಗಳು.

ಮಧ್ಯಾಹ್ನದಿಂದ ನಮ್ಮ ಬಾಣಂತಿ ಮಗಳ ಕೋಣೆಯ ಬಾಗಿಲು ತೆರೆಯುತ್ತಿಲ್ಲ. “ಹಳೇ ಬಾಗಿಲು, ಸಿಕ್ಕಿಕೊಂಡದ್ದು ಮಾರಾಯ್ರೆ. ಶೆಟ್ರ ಚೀಟಿ ಇಲ್ಲದೆ ಕೆಲಸ ನಿಲ್ಲಿಸ್ಲಿಕ್ಕೆ ಆಗುದಿಲ್ಲ” ಎನ್ನುತ್ತಾನೆ, ನಮ್ಮ ತಲೆಯ ಮೇಲೆ ನಿಮಗೆ ಹೊಸ ಮಾಳಿಗೆ ಕಟ್ಟುತ್ತಿರುವ ಮೇಸ್ತ್ರಿ.

ಈ ಗೋಡೆ ಮಾಳಿಗೆಯನ್ನು ಹೊರಲಾರದು ಎಂದು ಹಿಂದೆ ಎಚ್ಚರಿಸಿದಾಗ “ಓದಿ ಓದಿ ನಿಮಗೆ ಹೆದರಿಕೆ” ಎಂದು ನಕ್ಕಿರಿ. ೧೯೨೩ರ ನೆರೆಯಲ್ಲಿ ಈ ಮಣ್ಣಿನ ಗೋಡೆ ಎದೆಮಟ್ಟ ನೆನೆದದ್ದು ನಾನು ಓದಿದ್ದಲ್ಲ, ಕಂಡದ್ದು. ನಿಮ್ಮ ತಂದೆ ಅದರ ಮೇಲೆ ಸುಣ್ಣ ಬಳಿಸಿದರು, ಅಷ್ಟೆ.

ಬಾಗಿಲನ್ನಾಗಲಿ ಕಿಟಕಿಯನ್ನಾಗಲಿ ಒಡೆಯಲು ಧೈರ್ಯವಿಲ್ಲ. ಮಾಳಿಗೆಯ ಒತ್ತಡಕ್ಕೆ ಕೆಳಗೆ ಜಗ್ಗಿದ ಗೋಡೆಯ ಭಾರವೆಲ್ಲ ಈಗ ಅವುಗಳ ಚೌಕಟ್ಟಿನ ಮೇಲಿದೆ. ಹಸುಗೂಸನ್ನು ಕಿಟಕಿಯ ಸರಳುಗಳ ಸಂದಿಯಿಂದ ಹೊರಗೆ ತೆಗೆದುಕೊಂಡೆವು. ತಾಯಿ ಒಳಗಿದ್ದಾಳೆ.

ಪತ್ರ ತಂದ ಉಸ್ಮಾನರ ಕೈಯಲ್ಲಿ ಮೇಸ್ತ್ರಿಗೆ ಒಂದೇ ಸಾಲು ಬರೆದುಕೊಡಿ. ಮೇಲೆ ಇನ್ನೂ ಕಲ್ಲು ಏರುತ್ತಿದೆ.

ನಿಮ್ಮ ಬಾಡಿಗೆದಾರ,
ಸುಬ್ಬಯ್ಯ