ಕೊನೆಯ ಕೋಣೆಯ ರೋಗಿಯಿಂದ

ಹೃದ್ರೋಗ ವಾರ್ಡು, ಕೊನೆಯ ಕೋಣೆ
ಗುರುವಾರ, ಸಂಜೆ

ಪ್ರೀತಿಯ ಚಿನಕುರುಳಿಗೆ,

ನಿನ್ನ ಮೇಷ್ಟರ ಆಶೀರ್ವಾದಗಳು. ಬೆಳಗ್ಗೆ ನಾನು ಎಲ್ಲರೆದುರು ನಿನ್ನನ್ನು ಗದರಿದೆ. ನೀನು ಹೊರಟುಹೋದೆ. ಆ ಮಾತು ಅಲ್ಲಿಗೇ ಮುಗಿಯಬಾರದೆಂದು ಈ ಕಾಗದ.

ಪಾಠ ಹೇಳುತ್ತಲೇ ಕುಸಿದುಬಿದ್ದ ನನ್ನನ್ನು ಶಿಷ್ಯರಾದ ನೀವೇ ಎತ್ತಿ ತಂದಿರಿ. ಹೃದಯದ ಮೇಲಿನ ಕೋಣೆಯ ಸಂದೇಶ ಕೆಳಗಿನದಕ್ಕೆ ತಲುಪುತ್ತಿಲ್ಲವೆಂದು ಇಸಿಜಿ ಹೇಳಿತು. 'ಸವಕಳಿ ಅಷ್ಟೇ, ಪೇಸ್‌ಮೇಕರ್ ಇಟ್ಟು ಮನೆಗೆ ಕಳಿಸಿ' ಎಂದು ತೀರ್ಪು ಕೊಟ್ಟವನೂ ನಾನೇ. ಈ ವಾರ್ಡಿನಲ್ಲಿ ನನ್ನ ಶಿಷ್ಯರಲ್ಲದವರು ಯಾರಿದ್ದಾರೆ? ಎಲ್ಲರೂ ಹೂಂಗುಟ್ಟಿದರು. 'ಐವತ್ತೆರಡಕ್ಕೇ ಸವೆಯೋಕೆ ಅದೇನು ಚಪ್ಪಲೀನಾ ಸರ್?' ಎಂದವಳು ನೀನೊಬ್ಬಳೇ. ಪೂರ್ತಿ ಪರೀಕ್ಷೆ ಮಾಡುತ್ತೇನೆಂದು ನನ್ನ ಹೊದಿಕೆಗೂ ಕೈಹಾಕಿದೆ. 'ಗುರುವಿಗೇ ತಿರುಮಂತ್ರಾನಾ? ಸಾಕು ಹೋಗಮ್ಮ' ಎಂದು ನಾನು ಅಬ್ಬರಿಸಿದೆ.

ಮಧ್ಯಾಹ್ನ ಮಾನಿಟರ್ ಕಿರುಚಿತು. ಆಮೆಯಂತಿದ್ದ ಹೃದಯ ದಿಢೀರನೆ ಹುಚ್ಚುಕುದುರೆಯಾಗಿ ಓಡಿತು; ಸ್ವಲ್ಪ ಹೊತ್ತಿಗೆ ಆ ಓಟ ತಾನಾಗಿಯೇ ನಿಂತಿತು. ಬರೀ ಸವಕಳಿಯಾದರೆ ಹೀಗೆ ಓಡುವುದೇಕೆ? ಎದೆಯ ಗ್ರಂಥಿಗಳಲ್ಲಿ ಹುಟ್ಟಿ ಹೃದಯದ ಗೋಡೆಗೂ ಹಬ್ಬುವ ಉರಿಯೂತವಿರಬಹುದೆಂದು ನೀನು ಹೇಳಿದ್ದೆಯಲ್ಲ, ಅದೇ ಇದ್ದರೆ ಪೇಸ್‌ಮೇಕರ್ ಮಾತ್ರ ಇಡುವುದು ಉರಿಯುವ ಮನೆಗೆ ಸುಣ್ಣ ಬಳಿದಂತೆ. ಆ ಓಟ ನಿಲ್ಲದೆ ಹೋದರೆ ಪೇಸ್‌ಮೇಕರ್ ನನ್ನನ್ನು ಉಳಿಸದು.

ಆದ್ದರಿಂದ ನಾಳೆಯ ಶಸ್ತ್ರಕ್ರಿಯೆ ಬೇಡವೆಂದು ವಿಭಾಗದ ಮುಖ್ಯಸ್ಥನಿಗೆ ಹೇಳಿದ್ದೇನೆ. ಕಾರಣ ತಿಳಿಯುವವರೆಗೆ, ಹೃದಯ ಬಡಿಸಲು ರಕ್ತನಾಳದೊಳಗಿಂದ ಇಳಿಸಿರುವ ತಾತ್ಕಾಲಿಕ ತಂತಿ ನನ್ನನ್ನು ಕಾಯುತ್ತದೆ. ಮೊದಲು ಉರಿಯೂತ ತೋರಿಸುವ ಸ್ಕ್ಯಾನ್, ಗ್ರಂಥಿಯ ತುಣುಕಿನ ಪರೀಕ್ಷೆ. ಔಷಧಿ ಯಾವುದು, ಓಟವನ್ನೂ ತಡೆಯುವ ಯಂತ್ರ ಬೇಕೇ ಎಂಬುದೆಲ್ಲ ಆಮೇಲೆ. 'ಇದನ್ನೆಲ್ಲ ನೋಡಿಕೊಳ್ಳೋರು ಯಾರು ಸರ್?' ಎಂದು ಅವನು ಕೇಳಿದ. ನಿನ್ನ ಹೆಸರು ಹೇಳಿದೆ. 'ಅವಳಿನ್ನೂ ಚಿಕ್ಕವಳು' ಎಂದ. ಹೌದಪ್ಪ, ಅದಕ್ಕೇ ಅವಳಿಗೆ ನನ್ನ ಹೆದರಿಕೆ ಕಡಿಮೆ ಎಂದೆ.

ನಿನ್ನ ಊಹೆ ತಪ್ಪಾದರೆ ಇಬ್ಬರೂ ಕೂತು ಇನ್ನೊಂದನ್ನು ಹುಡುಕೋಣ. ನನ್ನ ಮುಖ ನೋಡಿ ಅರ್ಧಕ್ಕೆ ಬಿಟ್ಟರೆ ಮಾತ್ರ ಒಪ್ಪಲಾರೆ. ಬಾಗಿಲಿಗೆ ಯಾರೋ ಅಂಟಿಸಿದ್ದ 'ಪ್ರೊಫೆಸರ್' ಎಂಬ ಚೀಟಿಯನ್ನು ನರ್ಸಮ್ಮನಿಂದ ಕೀಳಿಸಿದ್ದೇನೆ. ಧೈರ್ಯವಾಗಿ ಒಳಗೆ ಬಾ ಮಗಳೇ.

ಇಂತಿ,
ನಾಳೆಯಿಂದ ನಿನ್ನ ರೋಗಿ,
ಮೇಷ್ಟರು

ಮರೆತಿದ್ದೆ: ಮಧ್ಯಾಹ್ನದ ಆ ಓಟ ನಿಂತ ಮೇಲೆ ನಾನೇ ಹೊದಿಕೆ ಸರಿಸಿ ನೋಡಿಕೊಂಡೆ. ಎರಡೂ ಮೊಣಕಾಲ ಕೆಳಗೆ ಕೆಂಪು ಗಂಟುಗಳಿವೆ, ಮುಟ್ಟಿದರೆ ನೋವು. ಬೆಂಚು ತಗುಲಿದ್ದೆಂದು ಇಷ್ಟು ದಿನ ಸುಮ್ಮನಿದ್ದೆ. ನೀನು ಹೇಳಿದ ಉರಿಯೂತ ಚರ್ಮದ ಮೇಲೆ ಹಾಕುವ ರುಜು ಹೀಗೆಯೇ ಇರುತ್ತದೆ. ಕೈಕಟ್ಟಿ ನಿಂತ ಅಷ್ಟೂ ಶಿಷ್ಯರಲ್ಲಿ ಆ ಹೊದಿಕೆಗೆ ಕೈಹಾಕಿದವಳು ನೀನೊಬ್ಬಳೇ.