ಕ್ಯಾಪ್ಟನಕ್ಕ ವಾಪಸ್ ಬಂದ ವಾರ

ಸೋಮವಾರ, ಸಂಜೆ 7

ಕಾಲು ಬಕೆಟ್ಟಿನಲ್ಲಿ, ಐಸ್ ನೀರು. ಡೈರಿ ತೊಡೆಯ ಮೇಲೆ. ದಿನದಂತೆ.

ಇಲ್ಲ, ದಿನದಂತೆ ಅಲ್ಲ! ಕ್ಯಾಪ್ಟನಕ್ಕ ಬಂದಳು. ಮಂಡಿ ಆಪರೇಷನ್ ಆಗಿ ಹತ್ತು ತಿಂಗಳ ಮೇಲೆ ಇವತ್ತು ಬಾಸ್ಕೆಟ್‌ಬಾಲ್ ಕೋರ್ಟಿಗೆ ಇಳಿದಳು. ಬಾಗಿಲಲ್ಲಿ ಕಂಡದ್ದೇ ತಡ, ಡ್ರಿಲ್ ಬಿಟ್ಟು ಎಲ್ಲರೂ ಓಡಿದೆವು. ಕೋಚ್ ಮೇಡಂ ಸೀಟಿ ಊದಿದ್ದು ಯಾರ ಕಿವಿಗೂ ಬೀಳಲಿಲ್ಲ. ಅವಳ ಆಟ ನೋಡಿಯೇ ನಾನು ಈ ಕಾಲೇಜಿಗೆ ಸೇರಿದ್ದು. ಇಲ್ಲಿನ ಲ್ಯಾಬ್ ಚೆನ್ನಾಗಿದೆ ಅಂತ ಮಗಳು ಸೇರಿದಳೆಂದು ಅಪ್ಪ ಇನ್ನೂ ನಂಬಿದ್ದಾರೆ.

ಶನಿವಾರ ಫೈನಲ್. ಅವಳಿದ್ದರೆ ಕಪ್ ನಮ್ಮದೇ. ಒಂದೇ ಒಂದು ವಿಷಯ... ಬಾಲ್ ಮುಂದಕ್ಕೆ ತರುವುದು, ಯಾರು ಖಾಲಿ ಇದ್ದಾರೆಂದು ನೋಡಿ ಕೊಡುವುದು, ಮೊದಲು ಅವಳ ಕೆಲಸ. ಹತ್ತು ತಿಂಗಳಿಂದ ನನ್ನದು. ಜಾಗ ಒಂದೇ. ನಾವು ಇಬ್ಬರು.

ಛೆ, ಇವತ್ತು ಅದೆಲ್ಲ ಬೇಡ.

ಮಂಗಳವಾರ

ನಮ್ಮಲ್ಲಿ ಒಂದು ರೂಢಿ, ಅಕ್ಕ ಇಲ್ಲದಾಗ ಶುರುವಾದದ್ದು. ತಪ್ಪು ಮಾಡಿದವಳು ನೆಲ ತಟ್ಟಿ "ನಂದು" ಅನ್ನಬೇಕು. ಅಷ್ಟೇ. ಮತ್ತೆ ಯಾರೂ ಬೈಯುವ ಹಾಗಿಲ್ಲ, ಆಟ ಮುಂದಕ್ಕೆ. ತಟ್ಟದಿದ್ದರೆ ಮಾತ್ರ ಗ್ರಹಚಾರ ಬಿಡಿಸುತ್ತೇವೆ. ರೆಫರಿ ಜೊತೆ ಸದಾ ವಾದಕ್ಕೆ ನಿಲ್ಲುವ ನಮ್ಮ ಉದ್ದದ ಹುಡುಗಿ, 'ವಕೀಲೆ', ಅವಳೂ ತಟ್ಟುತ್ತಾಳೆ.

ಇವತ್ತು ಅಕ್ಕ ಕೊಟ್ಟ ಪಾಸ್ ವಕೀಲೆಯ ತಲೆ ಮೇಲಿಂದ ಹೋಗಿ ಗೋಡೆಗೆ ಬಡಿಯಿತು. ವಕೀಲೆ ನೆಲ ತಟ್ಟಿ "ನಂದು" ಅಂದಳು! ಮತ್ತೊಮ್ಮೆ ಅಕ್ಕ ಬಾಲ್ ಕಳೆದಳು. ನಾನು ತಟ್ಟಿದೆ. ಏನು ಭಕ್ತಿಯೋ. ಅಕ್ಕನೂ ನೆಂಟರ ಮನೆಗೆ ಬಂದವಳ ಹಾಗೆ... ಎಲ್ಲದಕ್ಕೂ ನಗು, ಎಲ್ಲದಕ್ಕೂ ಥ್ಯಾಂಕ್ಸ್. ಮೊದಲು ಬಾಯಿ ಬಿಟ್ಟರೆ ಬೈಗುಳ. ನನ್ನ ಎತ್ತರ ನೋಡಿ ಗುಬ್ಬಿ ಎಂದು ಹೆಸರಿಟ್ಟವಳೂ ಅವಳೇ.

ಬುಧವಾರ

ಸೋತೆವು. ಯಾರಿಗೆ? ಆಂಟಿಯರ ಕ್ಲಬ್ಬಿಗೆ! ಬರೀ ಪ್ರಾಕ್ಟೀಸ್ ಮ್ಯಾಚ್, ಆದರೂ. ಒಬ್ಬರು ಬ್ರೇಕಿನಲ್ಲಿ ಫೋನ್ ಹಿಡಿದು ಮಗನಿಗೆ ಹೋಂವರ್ಕ್ ಹೇಳಿಕೊಟ್ಟರು, ಫೋನ್ ಇಟ್ಟು ಬಂದು ನನ್ನ ಕೈಯಿಂದ ಬಾಲ್ ಕಿತ್ತುಕೊಂಡರು.

ಮೇಡಂ ನಮ್ಮಿಬ್ಬರನ್ನೂ ಒಟ್ಟಿಗೆ ಇಳಿಸಿದ್ದರು. ಬಾಲ್ ಬಂದರೆ ನಾನು ಅಕ್ಕನಿಗೆ ಕೊಡುತ್ತೇನೆ. ಅವಳು ನೀನೇ ತಗೊ ಎಂದು ವಾಪಸ್ ಕೊಡುತ್ತಾಳೆ. ಉಳಿದ ಮೂವರು ನಿಂತು ನೋಡುತ್ತಾರೆ. ನೀನು ಮೊದಲು, ನೀನು ಮೊದಲು ಅನ್ನುತ್ತಾ ಬಸ್ ತಪ್ಪಿಸಿಕೊಂಡವರ ಕಥೆ. ಅಕ್ಕನ ತಪ್ಪಿಗೆಲ್ಲ ನೆಲ ತಟ್ಟಿ ತಟ್ಟಿ ಎಲ್ಲರ ಅಂಗೈ ಕೆಂಪು.

ವ್ಯಾನಿನಿಂದ ಇಳಿಯುವಾಗ ಮೇಡಂ ಹೇಳಿದರು: "ಶನಿವಾರ ನಿಮ್ಮಿಬ್ರಲ್ಲಿ ಒಬ್ಬಳನ್ನೇ ಇಳಿಸ್ತೀನಿ. ನಾಳೆ ನೋಡಿ ಹೇಳ್ತೀನಿ ಯಾರು ಅಂತ."

ಅನ್ನ ಸೇರಲಿಲ್ಲ. ಅವಳು ಬೇಕು. ನನ್ನ ಜಾಗವೂ ಬೇಕು.

ಗುರುವಾರ, ಸಂಜೆ 6.40

ಬೂಟು ಕೂಡ ಬಿಚ್ಚದೆ ಬರೆಯುತ್ತಿದ್ದೇನೆ. ಅಕ್ಷರ ಎಲ್ಲ ಕಾಗೆಕಾಲು.

ಬಾಲ್ ನಾನು ತಂದೆ. ಅಕ್ಕ ಬಾಸ್ಕೆಟ್ ಕಡೆ ಓಡಿದಳು. ಅವಳು ಬರಬೇಕಾದ ಜಾಗಕ್ಕೆ ಸರಿಯಾಗಿ ಎಸೆದೆ. ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಬಾಲ್ ಉರುಳಿಕೊಂಡು ಬೆಂಚಿನ ಕೆಳಗೆ ಹೋಯಿತು.

ಎಲ್ಲರ ಕಣ್ಣು ನನ್ನ ಮೇಲೆ, ತಟ್ಟಲಿ ಅಂತ. ಬಗ್ಗಿದೆ ಕೂಡ... ತಟ್ಟಲಿಲ್ಲ. ಸಿಟ್ಟು ನೆತ್ತಿಗೇರಿತ್ತು.

"ಅಕ್ಕಾ, ಇದು ನಂದಲ್ಲ. ನೀನು ನಿಂತೆ."

ಮೇಡಂ ಕೈಕಟ್ಟಿ ನಿಂತಿದ್ದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಅಕ್ಕ ನಿಧಾನವಾಗಿ ಬಗ್ಗಿದಳು. ಎರಡೂ ಕೈಯಿಂದ ನೆಲಕ್ಕೆ ಪಟಾರನೆ ಬಾರಿಸಿದಳು.

"ನಂದು," ಅಂದಳು. "ಮಂಡಿ ಮತ್ತೆ ಹೋಗುತ್ತೇನೋ ಅಂತ ಹೆದರಿಕೆ ಆಯ್ತು ಕಣೇ ಗುಬ್ಬಿ. ಬಂದಾಗಿಂದ ಕಾಯ್ತಿದೀನಿ, ನನ್ನ ತಪ್ಪನ್ನ ನನಗೆ ಯಾರಾದ್ರೂ ಬಿಟ್ಟುಕೊಡ್ತೀರಾ ಅಂತ."

ಆಮೇಲೆ... ಅಬ್ಬಾ, ಎಂಥ ಆಟ! ಅಕ್ಕ ನನ್ನ ಪಾಸಿಗೆ ಬೈದಳು, ನಾನು ಅವಳ ಓಟಕ್ಕೆ ಬೈದೆ, ವಕೀಲೆ ಇಬ್ಬರಿಗೂ ಸೇರಿಸಿ ಬೈದಳು. ನಾನು ಬಾಲ್ ತಂದೆ, ಅಕ್ಕ ಬದಿಯಿಂದ ನುಗ್ಗಿದಳು — ನಿಲ್ಲಲಿಲ್ಲ! ನೋಡದೆ ಎಸೆದರೂ ಅಲ್ಲಿರುತ್ತಾಳೆ. ಇಷ್ಟು ದಿನ ಎಲ್ಲಿತ್ತು ಇದು? ಸಂತೋಷಕ್ಕೆ ಮೈ ಇನ್ನೂ ಬೆಚ್ಚಗಿದೆ.

ಆದರೆ ಮೇಡಂ ಹೆಸರು ಹೇಳದೆ ಹೋದರು.

ಶನಿವಾರ, ಬೆಳಗ್ಗೆ 8

ನಿನ್ನೆ ಬರೆಯಲಾಗಲಿಲ್ಲ. ಕುಣಿದು ಕುಣಿದು ಸುಸ್ತು.

ಮೇಡಂ ತಮ್ಮ ಮಾತನ್ನು ತಾವೇ ಮುರಿದರು. ಇಬ್ಬರೂ ಇಳಿಯುತ್ತೇವೆ. ಬಾಲ್ ತರುವುದು ನಾನು, ಅಕ್ಕ ಬದಿಯಲ್ಲಿ. ಅವಳಿಗೆ ಬೇಜಾರಾಯಿತೇನೋ ಎಂದು ಮುಖ ನೋಡಿದೆ. ಆಗಿತ್ತು. ಎಷ್ಟೋ ಹೊತ್ತು ಲೇಸ್ ಬಿಚ್ಚುವುದು, ಕಟ್ಟುವುದು. ಆಮೇಲೆ ಬಂದು ತಲೆಗೆ ಒಂದು ಮೊಟಕಿದಳು.

"ಹೆದರಿಕೊಂಡು ಮೆಲ್ಲಗೆ ಕೊಟ್ಟೀಯ ಮತ್ತೆ. ಜೋರಾಗಿ ಎಸಿ. ಓಡೋದು ನನ್ನ ಕೆಲಸ."

ಅಳುವೂ ಬಂತು, ನಗುವೂ ಬಂತು. ಇವತ್ತು ಗೆಲ್ಲುತ್ತೇವೋ ಇಲ್ಲವೋ, ಆಡುವುದಕ್ಕೆ ಮಾತ್ರ ಕಾಲು ತುಡಿಯುತ್ತಿದೆ.

ಹಾಸ್ಟೆಲ್ ಗೇಟಿನಲ್ಲಿ ವ್ಯಾನ್ ಹಾರ್ನ್. ಅಕ್ಕನ ಗಂಟಲು ಮೂರು ಮಹಡಿಗೂ ಕೇಳುತ್ತಿದೆ. ಬರೆದದ್ದು ಸಾಕಂತೆ, ಬರಬೇಕಂತೆ, ಇಲ್ಲದಿದ್ದರೆ ನನ್ನನ್ನು ಬಿಟ್ಟೇ ಹೊರಡುತ್ತಾರಂತೆ.

ಹೊರಡಲಿ ನೋಡೋಣ. ನಾನಿಲ್ಲದೆ ಬಾಲ್ ತರುವವರು ಯಾ—